ಎರಡು ಮಿಷನ್ನು, ಒಂದೇ ಒಲೆ

ಕಾಸರಕೋಡ, ಹೊನ್ನಾವರ
೯ ಜುಲೈ ೧೯೮೪

ಲಕ್ಕಿಯ ಅಪ್ಪನವರಿಗೆ ದೇವಿಯ ನಮಸ್ಕಾರ.

ಹೇಗಿದ್ದೀರಿ? ದುಬೈಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆ ಒಣಗಿತೇ? ಕೋಣೆಯ ಏಸಿ ಗಾಳಿಗೆ ಗಂಟಲು ಒಣಗುತ್ತದೆ ಎಂದು ಬರೆದಿದ್ದಿರಿ. ಬಿಸಿನೀರು ಕುಡಿಯಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಇಲ್ಲಿ ಎಲ್ಲರೂ ಕ್ಷೇಮ. ಲಕ್ಕಿ ಈಗ ಹೊಸ್ತಿಲು ದಾಟುತ್ತಾಳೆ. ಯಾರ ಮೀಸೆ ಕಂಡರೂ 'ಅಪ್ಪ' ಎಂದು ಕೈಚಾಚುತ್ತಾಳೆ. ಕೇರಿಯಲ್ಲಿ ನನ್ನ ಮರ್ಯಾದೆ ಉಳಿಸಿಲ್ಲ.

ನೀವು ಕಳಿಸಿದ ಮಿಷನ್ನಿನ ಎರಡು ಪೆಟ್ಟಿಗೆಗಳನ್ನೂ ಭಟ್ಕಳದ ಮೊಹಿದೀನ್ ಸಾಹೇಬರು ತಾವೇ ಬಂದು ತಲುಪಿಸಿದರು. ಅತ್ತೆಯ ಉಬ್ಬಸಕ್ಕೆ ಯಾವುದು ಒಗ್ಗುತ್ತದೋ ನೋಡಿ ಬರೆ, ಇನ್ನೊಂದನ್ನು ಸಾಹೇಬರು ಮಾರಿಕೊಡುತ್ತಾರೆ ಎಂದಿದ್ದಿರಿ. ಅದಕ್ಕೇ ಈ ಉದ್ದದ ಕಾಗದ. ಪ್ಲಗ್ಗಿನ ಕಾಲುಗಳು ನಮ್ಮ ಗೋಡೆಗೆ ಹೊಂದಲಿಲ್ಲ. ನಿಮ್ಮ ತಮ್ಮ ಶಿವ ಅವನ್ನು ಕತ್ತರಿಸಿ ಬೇರೆ ಹಾಕಿಕೊಟ್ಟ.

ಮೊದಲು ಮಂಜು ಬಿಡುವ ಮಿಷನ್ನು ಹಚ್ಚಿದೆವು. ಪಕ್ಕದ ಮನೆಯ ಮಂಜಿ ಓಡಿಬಂದು, "ಎಂತ ಮಾರಾಯ್ತಿ, ನೀರು ಕಾಸದೇ ಹಬೆ ಬತ್ತದಲ್ಲೇ!" ಎಂದು ಬಾಯಿ ಬಿಟ್ಟು ನಿಂತಳು. ನಿಮ್ಮ ಕೋಣೆಯ ಒಣ ಗಾಳಿಯಲ್ಲಿ ಅದರಿಂದ ಸುಖವಾಯಿತು ಎಂದಿದ್ದಿರಿ, ನಂಬುತ್ತೇನೆ. ಆದರೆ ಆಷಾಢದಲ್ಲಿ ಹೊನ್ನಾವರದ ಗಾಳಿಗೆ ನೀರು ಕುಡಿಸಲು ದುಬೈಯಿಂದ ಮಿಷನ್ನು ಕಳಿಸಿದವರು ನೀವೊಬ್ಬರೇ ಇರಬೇಕು! ಇಲ್ಲಿ ಉಪ್ಪೇ ನೀರಾಗಿ ಕೂತಿದೆ. ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕ ಇಡದಿದ್ದರೆ ಕಡ್ಡಿ ಹತ್ತುವುದಿಲ್ಲ. ಕೆಲವೇ ದಿನಕ್ಕೆ ಅತ್ತೆಯ ಹಾಸಿಗೆಗೆ ಬೂಷ್ಟು ಹಿಡಿಯಿತು, ಉಬ್ಬಸ ಇನ್ನೂ ಜಾಸ್ತಿಯಾಯಿತು. "ಹೊರಗೆ ಮಳೆ ಸಾಲದು ಅಂತ ಒಳಗೂ ಮಳೆ ಎಂತಕ್ಕೆ? ತೆಗಿ ಅದ್ನ" ಎಂದರು. ತೆಗೆದೆ.

ಎರಡನೆಯದು, ಗಾಳಿ ಸೋಸುವುದು, ನಿಜಕ್ಕೂ ಒಳ್ಳೆಯದು. ಅದನ್ನು ಜಗಲಿಯಲ್ಲಿ ಅತ್ತೆಯ ಮಂಚದ ಪಕ್ಕ ಇಟ್ಟೆವು. ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದವರು ಕಾಲು ಚಾಚಿ ಮಲಗಿದರು. ನನಗೆ ಅಳುವೇ ಬಂತು. ವಾರ ಕಳೆದು ಶಿವ ಮಿಷನ್ನು ಬಿಚ್ಚಿ ನೋಡಿದರೆ ಒಳಗಿನ ಬಿಳಿ ಫಿಲ್ಟರು ಗಂಜಿ ಬೇಯಿಸುವ ಪಾತ್ರೆಯ ತಳದಂತೆ ಕಪ್ಪಾಗಿತ್ತು. ಸೋಪು ಹಾಕಿ ತೊಳೆಯಲು ಹೋದೆ, ಹರಿದು ಕೈಗೆ ಬಂತು. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳಲ್ಲೂ ಅಂಥದ್ದು ಸಿಗಲಿಲ್ಲ. ಫಿಲ್ಟರಿಲ್ಲದೆ ಅದು ಬರೀ ಫ್ಯಾನು.

ಕುಮಟೆಯ ಡಾಕ್ಟರಿಗೆ ಹರಿದ ಫಿಲ್ಟರನ್ನೇ ತೋರಿಸಿದೆವು. ಮಿಷನ್ನಿಗಿಂತ ಮೊದಲು ಅಡಿಗೆಮನೆಯ ಗೋಡೆ ಒಡೆದು ಹೊಗೆ ಹೋಗಲು ಕೊಳವೆ ಇಡಿಸಿ ಎಂದರು. ಶಿವ ಹಾರೆ ಹಿಡಿದು ಸಿದ್ಧನಾದ. ಅತ್ತೆ ಒಪ್ಪಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆ ಮಾರಲು ಇಟ್ಟ ಒಣಬಂಗಡೆ ಇದೆಯಲ್ಲ. "ಹೊಗೆ ಹೋದ್ರೆ ಮೀನಿಗೆ ಹುಳ ಬೀಳ್ತದೆ. ಆಮೇಲೆ ಎಂತ ಮಾರೂದು?" ಎಂದರು. ತಪ್ಪೇನೂ ಹೇಳಲಿಲ್ಲ. ಅದೇ ಮೀನು ಬುಟ್ಟಿಯಲ್ಲಿ ಹೊತ್ತು ನಿಮ್ಮಿಬ್ಬರನ್ನೂ ಸಾಕಿದವರು. ಹಿತ್ತಲಲ್ಲಿ ಗುಡಿಸಲು ಹಾಕಿ ಮೀನಿಗೆ ಬೇರೆ ಹೊಗೆ ಕೊಡುತ್ತೇನೆ ಎಂದು ಶಿವ ಹೇಳಿದ. ಅದಕ್ಕೂ ಕಿವಿಗೊಡಲಿಲ್ಲ.

ಆದ್ದರಿಂದ ಮಂಜು ಬಿಡುವ ಮಿಷನ್ನನ್ನು ಸಾಹೇಬರಿಗೆ ಮರಳಿಸುತ್ತೇನೆ. ಊರಿಗೆ ಬರುವವರು ಸಿಕ್ಕಿದರೆ ಒಂದೆರಡು ಫಿಲ್ಟರು ಕಳಿಸಿ. "ನಂಗೆ ಈಗ ಅಡ್ಡಿಲ್ಲ, ಮಗ ಚಿಂತೆ ಮಾಡೂದು ಬ್ಯಾಡ ಅಂತ ಬರೆ" ಎನ್ನುತ್ತಿದ್ದಾರೆ ಅತ್ತೆ. ಅವರ ಆಶೀರ್ವಾದ, ಶಿವನ ನಮಸ್ಕಾರ, ಲಕ್ಕಿಯ ಮುತ್ತು ನಿಮಗೆ ಸೇರಲಿ.

ನಿಮ್ಮ ದಾರಿ ಕಾಯುವ,
ದೇವಿ

ತಾ.ಕ.: ಮೇಲಿನದನ್ನೆಲ್ಲ ಅತ್ತೆಗೆ ಓದಿ ಹೇಳಿದ್ದೇನೆ. ಇದನ್ನು ಅವರು ಮಂಜಿಯ ಮನೆಗೆ ಹೋಗಿರುವಾಗ ಬರೆಯುತ್ತಿದ್ದೇನೆ. ಜಗಲಿಯಲ್ಲಿಟ್ಟ ಫಿಲ್ಟರೇ ವಾರದಲ್ಲಿ ಅಷ್ಟು ಕಪ್ಪಾದರೆ ಒಲೆಯ ಮುಂದೆ ಕೂತವಳ ಎದೆ ಹೇಗಿರಬೇಕು? ನಾನು ಈ ಮನೆಗೆ ಬಂದ ಮೇಲೆ ಅತ್ತೆ ಒಲೆ ಊದಿಲ್ಲ. ಯುಗಾದಿಯಿಂದ ನನಗೂ ಕೆಮ್ಮು. ಅವರಿಗೆ ಕೇಳದ ಹಾಗೆ ಬಾವಿಯ ಹತ್ತಿರ ಹೋಗಿ ಕೆಮ್ಮಿ ಬರುತ್ತೇನೆ. ಗೊತ್ತಾದರೆ ನನ್ನನ್ನು ಎಬ್ಬಿಸಿ ತಾವೇ ಒಲೆಯ ಮುಂದೆ ಕೂರುತ್ತಾರೆ. ನನಗೆ ಹೆದರಿಕೆಯಾಗಿದೆ. ಗೋಡೆ ಒಡೆಸು ಎಂದು ಅವರ ಹೆಸರಿಗೆ ಎರಡು ಸಾಲು ಬರೆಯಿರಿ, ನಿಮ್ಮ ಮಾತು ತೆಗೆದುಹಾಕುವುದಿಲ್ಲ. ನಾನೇ ಓದಿ ಹೇಳುತ್ತೇನೆ. ಸಾಲು ಚಿಕ್ಕದಿರಲಿ, ನಡುವೆ ಕೆಮ್ಮು ಬಾರದಂತೆ ಓದಿ ಮುಗಿಸಬೇಕು.