‘ಗೊತ್ತು’ ಎನ್ನದ ನನ್ನ ಅಕ್ಕನ ಪರವಾಗಿ

ಶಿಕ್ಷಣಾಧಿಕಾರಿಗಳೇ,

ಈ ಸಂಬೋಧನೆಯ ಮೊದಲಿಗೆ ‘ಮಾನ್ಯ’ ಎಂದೂ ಸೇರಿಸಿಕೊಳ್ಳಿ. ಆ ಪದವನ್ನು ಈ ಪತ್ರದ ಕೊನೆಯವರೆಗೆ ಮಾತ್ರ ಕೊಟ್ಟಿರುತ್ತೇನೆ, ವಾಪಸು ಪಡೆಯುವ ಹಕ್ಕು ನನ್ನಲ್ಲೇ ಇರಲಿ. ನೀವು ನನ್ನ ಅಕ್ಕನನ್ನು ಇತಿಹಾಸದ ತರಗತಿಯಿಂದ ಹೊರಗೆ ಹಾಕಿದ್ದೀರಿ. ಪಾಠ ತಪ್ಪಿಸಿದ್ದಕ್ಕಲ್ಲ, ಮಕ್ಕಳ ಮೇಲೆ ಕೈ ಮಾಡಿದ್ದಕ್ಕಲ್ಲ, ಅವಳು ಮಾರ್ಮನ್ ಎಂಬ ಕ್ರೈಸ್ತ ಪಂಥದವಳು ಎಂಬ ಒಂದೇ ಕಾರಣಕ್ಕೆ. ‘ಬಂಗಾರದ ತಗಡುಗಳ ಮೇಲೆ ಬರೆದ ಗ್ರಂಥವನ್ನು ದೇವದೂತ ತೋರಿಸಿಕೊಟ್ಟ ಎಂದು ನಂಬುವವರು ಮಕ್ಕಳಿಗೆ ಇತಿಹಾಸ ಹೇಳಿಕೊಡಲು ಅರ್ಹರೇ?’ ಎಂದು ನಿಮ್ಮ ಆದೇಶ ಕೇಳುತ್ತದೆ. ಪ್ರಶ್ನೆಯಲ್ಲಿ ಮುಗಿಯುವ ಆದೇಶವನ್ನು ನಾನು ಕಂಡದ್ದು ಇದೇ ಮೊದಲು. ಸೋಮವಾರದೊಳಗೆ ಅವಳು ಒಂದು ವಾಕ್ಯಕ್ಕೆ ಸಹಿ ಹಾಕಬೇಕಂತೆ: ‘ನಾನು ಪವಿತ್ರವೆಂದು ನಂಬುವ ಗ್ರಂಥ ಸುಳ್ಳೆಂದು ನನಗೆ ತಿಳಿದಿದೆ.’ ಹಾಕಿದರೆ ತರಗತಿ. ಹಾಕದಿದ್ದರೆ ನಿವೃತ್ತಿಯವರೆಗೆ ನಕಾಶೆ ಕೋಣೆ. ಈಗ ಅಲ್ಲೇ ಕೂತಿದ್ದಾಳೆ, ಹರಿದ ಭೂಪಟಗಳ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸುತ್ತ. ಪಕ್ಕದ ಕೊಠಡಿಯಲ್ಲಿ ಅವಳ ಮಕ್ಕಳಿಗೆ ಡ್ರಿಲ್ ಮಾಸ್ತರರು ಗೈಡ್ ಓದಿ ಬರೆಸುತ್ತಿದ್ದಾರೆ. ಗೋಡೆ ತೆಳ್ಳಗಿದೆ, ಅವಳಿಗೆ ಪ್ರತಿ ತಪ್ಪೂ ಕೇಳಿಸುತ್ತದೆ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ವಿಚಾರಣೆಯ ದಿನ ನಿಮ್ಮ ಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕಂಡಕ್ಟರ್ ಸಮವಸ್ತ್ರದಲ್ಲಿ ಕೂತಿದ್ದೆನಲ್ಲ, ಆ ಹೆಂಗಸು. ಬಸ್ಸಿನಲ್ಲಿ ದುಡಿಯುತ್ತೇನೆ, ನೌಕರರ ಸಂಘಟನೆಯಲ್ಲಿ ಕೂಗುತ್ತೇನೆ. ಮೆಟ್ಟಿಲು ಹತ್ತುವಾಗಲೇ ಅಕ್ಕ ಹೇಳಿದ್ದಳು: “ನೀನು ಒಳಗೆ ಬಾಯಿ ತೆಗೆದ್ರೆ ನಾನು ಎದ್ದು ಬಂದ್ಬಿಡ್ತೀನಿ ನೋಡು. ಇದು ನಿನ್ನ ಡಿಪೋ ಗೇಟಲ್ಲ.” ಹಲ್ಲು ಕಚ್ಚಿಕೊಂಡು ಕೂತೆ. ಅಂದು ಮುಚ್ಚಿಕೊಂಡ ಬಾಯನ್ನು ಇಲ್ಲಿ ತೆಗೆಯುತ್ತಿದ್ದೇನೆ.

ನಾನೂ ಮಾರ್ಮನ್. ನಮ್ಮ ಧರ್ಮಸಂಘದ ಹಿರಿಯರು ಆ ಅಡ್ಡಹೆಸರು ಬೇಡ ಎನ್ನುತ್ತಾರೆ. ಆದೇಶದಲ್ಲಿ ನೀವು ಬಳಸಿದ್ದೀರಿ, ಇರಲಿ, ನನಗೂ ಅಂಥ ಸಂಕೋಚವಿಲ್ಲ. ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡು ಇಬ್ಬಿಬ್ಬರಾಗಿ ಮನೆಮನೆ ಬಾಗಿಲು ತಟ್ಟುವ ಯುವಕರಿದ್ದಾರಲ್ಲ, ಒಮ್ಮೆ ನಮ್ಮ ಬಾಗಿಲನ್ನೂ ತಟ್ಟಿದರು. ಜಗಳ ಆಡಬೇಕೆಂದು ನಾನು ಒಳಗೆ ಕರೆದೆ. ಪ್ರಶ್ನೆ ಕೇಳಬೇಕೆಂದು ಅಕ್ಕ ಕುರ್ಚಿ ಹಾಕಿದಳು. ವರ್ಷ ತಿರುಗುವಷ್ಟರಲ್ಲಿ ಇಬ್ಬರೂ ನೀರಿಗಿಳಿದು ದೀಕ್ಷೆ ಪಡೆದಿದ್ದೆವು. ಆದರೆ ಒಂದೇ ಬಾಗಿಲಿಂದ ಒಳಗೆ ಹೋದರೂ ನಾವಿಬ್ಬರೂ ಒಂದೇ ಕಡೆ ಕೂತಿಲ್ಲ. ಈ ಪತ್ರದ ತಿರುಳೇ ಅದು, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸವಿದ್ದು ಸಭೆ ಸೇರುತ್ತೇವೆ. ಅಂದು ಪ್ರವಚನ ಇರುವುದಿಲ್ಲ. ಯಾರಿಗೆ ಮನಸ್ಸಾಗುತ್ತದೋ ಅವರು ಎದ್ದುಹೋಗಿ ಮೈಕಿನ ಮುಂದೆ ನಿಂತು ಸಾಕ್ಷಿ ಹೇಳಬಹುದು. ಅದಕ್ಕೊಂದು ರೂಢಿಯ ಮಾತಿದೆ: ‘ಇದು ಸತ್ಯವೆಂದು ನನಗೆ ಗೊತ್ತು.’ ಅಜ್ಜಿಯರೂ ಹಾಗೇ ಹೇಳುತ್ತಾರೆ, ಮೈಕಿಗೆ ಎಟುಕದ ಮಕ್ಕಳೂ ಹಾಗೇ ಹೇಳುತ್ತವೆ. ನಾನಂತೂ ಮೈಕಿಲ್ಲದೆಯೇ ಹೇಳುತ್ತೇನೆ. ಅಕ್ಕ ಮಾತ್ರ ದೀಕ್ಷೆ ಪಡೆದ ದಿನದಿಂದ ಇಂದಿನವರೆಗೆ ‘ಗೊತ್ತು’ ಎಂದಿಲ್ಲ. ‘ನಾನು ನಂಬುತ್ತೇನೆ’ ಎನ್ನುತ್ತಾಳೆ, ಬಂದು ಕೂರುತ್ತಾಳೆ. ಇದಕ್ಕಾಗಿ ಅವಳು ಕೇಳಿರುವ ಮಾತುಗಳು ಕಡಿಮೆಯಲ್ಲ. ‘ಟೀಚರಮ್ಮ ಇನ್ನೂ ಹೊಸಿಲ ಮೇಲೇ ನಿಂತಿದ್ದಾರೆ’ ಎಂದು ಹಿಂದಿನ ಸಾಲಿನವರು ನಗುತ್ತಾರೆ. ನಾನೇ ಅಡುಗೆಮನೆಯಲ್ಲಿ ಎಷ್ಟೋ ಸಲ ರೇಗಿದ್ದೇನೆ. “ಗೊತ್ತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದರೆ ಅವಳು ಪಾತ್ರೆ ತೊಳೆಯುತ್ತಲೇ, “ಮಕ್ಕಳ ಮುಂದೆ ಗೊತ್ತು ಅನ್ನೋಕೆ ಆಧಾರ ಕೇಳ್ತೀನಿ ಕಣೇ. ದೇವರ ಮುಂದೆ ಮಾತ್ರ ಸುಮ್‌ಸುಮ್ನೆ ಅಂದ್ಬಿಡ್ಲಾ?” ಎನ್ನುತ್ತಾಳೆ.

ಅಧಿಕಾರಿಗಳೇ, ಈ ಹೆಂಗಸು ಮಕ್ಕಳ ತಲೆಯಲ್ಲಿ ಮೂಢನಂಬಿಕೆ ತುಂಬುತ್ತಾಳೆ ಎಂದು ನಿಮಗೆ ದೂರು ಬಂದಿದೆ. ತರಗತಿಯಲ್ಲಿ ನಡೆದದ್ದೇನು ಎಂದು ಒಬ್ಬ ವಿದ್ಯಾರ್ಥಿಯನ್ನಾದರೂ ಕರೆದು ಕೇಳಿದಿರಾ? ಇಲ್ಲ. ನಾನು ಕೇಳಿದ್ದೇನೆ. ಅರ್ಧ ಶಾಲೆ ನನ್ನ ಬಸ್ಸಿನಲ್ಲೇ ಬರುತ್ತದೆ.

ಅಂದಿನ ಪಾಠ ‘ಇತಿಹಾಸದ ಆಧಾರಗಳು’. ಯಾವ ಮಾತೇ ಇರಲಿ, ಮೂರು ಪ್ರಶ್ನೆ ಕೇಳಿ ಎಂದು ಅಕ್ಕ ಬೋರ್ಡಿನ ಮೇಲೆ ಬರೆದಿದ್ದಳು: ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತು? ಎರಡು ಜಡೆಯ ಒಬ್ಬ ಚೂಟಿ ಹುಡುಗಿ ಎದ್ದು ನಿಂತು, “ಮಿಸ್, ನಿಮ್ಮ ಚರ್ಚಿನ ಪುಸ್ತಕಕ್ಕೂ ಇದನ್ನ ಕೇಳಬಹುದಾ?” ಎಂದಳಂತೆ. ಬೇರೆ ಯಾರಾದರೂ ಆಗಿದ್ದರೆ ಗದರಿ ಕೂರಿಸುತ್ತಿದ್ದರು. ಅಕ್ಕ ಸೀಮೆಸುಣ್ಣ ಎತ್ತಿಕೊಂಡು, “ಕೇಳಲೇಬೇಕು” ಎಂದಳು. ಬರೆದಳು. ಹೇಳಿದವನು ಒಬ್ಬ ರೈತನ ಮಗ. ಹೇಳಿದ್ದು ಸುಮಾರು ಇನ್ನೂರು ವರ್ಷಗಳ ಹಿಂದೆ, ಸಾವಿರಾರು ವರ್ಷ ಹಳೆಯ ಜನರ ಬಗ್ಗೆ. ಅವನಿಗೆ ಹೇಗೆ ಗೊತ್ತು? ದೇವರ ಶಕ್ತಿಯಿಂದ ಓದಿದೆ ಎಂದ. ಮೂಲ ಈಗ ಯಾರ ಕೈಯಲ್ಲೂ ಇಲ್ಲ. “ಈ ಪಾಠದ ಲೆಕ್ಕದಲ್ಲಿ ಇದು ಇತಿಹಾಸಕ್ಕೆ ಬರೋದಿಲ್ಲ” ಎಂದಳು. “ಮತ್ತೆ ನೀವ್ಯಾಕೆ ಮಿಸ್ ನಂಬ್ತೀರಾ?” ಎಂದು ಹುಡುಗಿ ಬಿಡಲಿಲ್ಲ. “ಅದನ್ನ ಈ ಬೋರ್ಡಿನ ಮೇಲೆ ಬರೆಯೋ ಹಕ್ಕು ನಂಗಿಲ್ಲ. ಬೆಲ್ ಆಯ್ತು, ಪುಸ್ತಕ ಮುಚ್ಚಿ.”

ಇಷ್ಟೇ. ಈ ಸಂಗತಿ ಆ ಹುಡುಗಿಯ ಅಪ್ಪನ ಕಿವಿಗೆ ‘ಟೀಚರ್ ತಮ್ಮ ಧರ್ಮಗ್ರಂಥವನ್ನು ಬೋರ್ಡಿನ ಮೇಲೆ ಬರೆದು ಕಲಿಸಿದರು’ ಎಂದು ತಲುಪಿತು. ಅಲ್ಲಿಂದ ನಿಮ್ಮ ಮೇಜಿಗೆ. ಸ್ವಾರಸ್ಯ ಕೇಳಿ: ಅದೇ ಸಂಗತಿ ನಮ್ಮ ಪ್ರಾರ್ಥನಾ ಮಂದಿರಕ್ಕೂ ತಲುಪಿತ್ತು, ತಿರುಗಾಮುರುಗಾ ಆಗಿ. ನಮ್ಮಲ್ಲಿ ಸಂಬಳದ ಪಾದ್ರಿಗಳಿಲ್ಲ. ಶಾಖೆಯ ಅಧ್ಯಕ್ಷರು ವಾರವೆಲ್ಲ ಫ್ರಿಜ್ ರಿಪೇರಿ ಮಾಡುವವರು. ಕೈಚೀಲ ಹಿಡಿದುಕೊಂಡೇ ನಮ್ಮ ಮನೆಗೆ ಬಂದು, “ಸಿಸ್ಟರ್, ಪವಿತ್ರ ಗ್ರಂಥಾನ ಮಕ್ಕಳ ಮುಂದೆ ಫೇಲ್ ಮಾಡಿಬಿಟ್ರಂತೆ?” ಎಂದರು. ಅಕ್ಕ ನೀರು ಕೊಟ್ಟು, “ಫೇಲ್ ಮಾಡಿಲ್ಲ ಬ್ರದರ್, ಗೈರುಹಾಜರಿ ಹಾಕಿದೆ. ಪರೀಕ್ಷೆಗೇ ಕೂರದಿರೋರನ್ನ ಫೇಲ್ ಮಾಡೋಕಾಗುತ್ತಾ?” ಎಂದಳು. ಆ ಮನುಷ್ಯ ನೀರು ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ನಕ್ಕರು, ನಮ್ಮ ಫ್ರಿಜ್ಜಿನ ಬಾಗಿಲನ್ನೂ ಸರಿಮಾಡಿ ಹೋದರು. ಫ್ರಿಜ್ ಮೆಕ್ಯಾನಿಕ್ಕಿಗೆ ಹಿಡಿಸಿದ ಮಾತು ಶಿಕ್ಷಣಾಧಿಕಾರಿಗೆ ಏಕೆ ಹಿಡಿಸುವುದಿಲ್ಲ?

ವಿಚಾರಣೆಗೆ ಬರೋಣ. ನೀವು ಟೀ ತರಿಸಿದಿರಿ. ಅಕ್ಕ, “ಬೇಡ ಸರ್, ನೀರು ಸಾಕು” ಎಂದಳು. ನಾವು ಟೀ, ಕಾಫಿ ಕುಡಿಯುವುದಿಲ್ಲ. “ಟೀನಲ್ಲೂ ದೇವರಿದ್ದಾನಾ ಮೇಡಂ?” ಎಂದು ಕೇಳಿದಿರಿ. ನಿಮ್ಮ ಗುಮಾಸ್ತರು ನಗುವುದು ತಮ್ಮ ಕರ್ತವ್ಯವೆಂಬಂತೆ ನಕ್ಕರು. “ಇಲ್ಲ ಸರ್, ಟೀನಲ್ಲಿ ಟೀ ಇದೆ. ಅದಕ್ಕೇ ಬೇಡ” ಎಂದಳು ಅವಳು. ಆಗ ನೀವು ನಗಲಿಲ್ಲ. ಕಂಪ್ಯೂಟರಿನಿಂದ ಇಳಿಸಿದ ಹಾಳೆಗಳ ಕಟ್ಟೊಂದನ್ನು ತೆಗೆದು ನಮ್ಮ ಧರ್ಮದ ಮೇಲಿನ ಆಪಾದನೆಗಳನ್ನು ಓದತೊಡಗಿದಿರಿ, ನಿಮ್ಮ ಎದುರಿಗಿರುವವಳು ಅವನ್ನು ಮೊದಲ ಸಲ ಕೇಳುತ್ತಿದ್ದಾಳೆ ಎಂಬಂತೆ. ಅಧಿಕಾರಿಗಳೇ, ದೀಕ್ಷೆಗೆ ಮೊದಲು ಆ ಬಿಳಿ ಅಂಗಿಯ ಯುವಕರಿಗೆ ಇದೇ ಪ್ರಶ್ನೆಗಳಿಂದ ಬೆವರಿಳಿಸಿದವಳು ಅವಳು. ಅಂದು ನೀವು ಅವಳಿಗೆ ಉತ್ತರ ಹೇಳಲು ಬಿಡಲಿಲ್ಲ. ನನ್ನಿಂದ ಕೇಳಿ.

ತಗಡು ತೋರಿಸಿ ಎಂದಿರಿ. ತೋರಿಸಲಾರೆವು. ದೇವದೂತ ವಾಪಸು ಪಡೆದ ಎಂಬುದು ನಮ್ಮ ನಂಬಿಕೆ. ಆ ಉತ್ತರ ನಿಮಗೆ ಸಾಲದು, ಸಾಲಬೇಕೆಂದು ನಾವೂ ಕೇಳುತ್ತಿಲ್ಲ. ಕಣ್ಣಾರೆ ನೋಡಿದೆವೆಂದು ಹೆಸರು ಹಾಕಿದ ಸಾಕ್ಷಿಗಳಿದ್ದರು. ಅವರಲ್ಲಿ ಕೆಲವರು ಆಮೇಲೆ ಆ ರೈತನ ಮಗನೊಡನೆ, ಅಂದರೆ ನಮ್ಮ ಪ್ರವಾದಿಯೊಡನೆ, ಜಗಳವಾಡಿ ಸಂಘದಿಂದ ಹೊರಬಿದ್ದರು, ಆದರೂ ನೋಡಿದ್ದು ಸುಳ್ಳು ಎನ್ನಲಿಲ್ಲ ಎಂದು ನಮ್ಮವರು ಹೇಳುತ್ತಾರೆ. ಅವರು ಕಂಡದ್ದು ಮನಸ್ಸಿನ ಕಣ್ಣಿನಿಂದ ಎಂದು ಟೀಕಾಕಾರರು ಹೇಳುತ್ತಾರೆ. ನನಗೆ ಮೊದಲನೆಯದು ಸಾಕು. ನಿಮಗೆ ಎರಡನೆಯದು ಸಾಕು. ಇದಕ್ಕಾಗಿ ಭೂಪಟಕ್ಕೆ ಅಂಟು ಹಚ್ಚುವ ಶಿಕ್ಷೆ ಯಾರಿಗೆ ಕೊಡುತ್ತೀರಿ?

ಪ್ರಾಚೀನ ಅಮೆರಿಕದಲ್ಲಿದ್ದವೆಂದು ಗ್ರಂಥ ಹೇಳುವ ಊರುಗಳು, ಕುದುರೆಗಳು, ಉಕ್ಕು, ಇವಕ್ಕೆ ಉತ್ಖನನದಲ್ಲಿ ಪುರಾವೆ ಸಿಕ್ಕಿಲ್ಲ ಎಂದಿರಿ. ತಜ್ಞರು ಒಪ್ಪುವಂಥದ್ದು ಸಿಕ್ಕಿಲ್ಲ, ನಿಜ. ವಂಶವಾಹಿಗಳ ಸಂಶೋಧನೆ ಬಂದ ಮೇಲೆ ಅಮೆರಿಕದ ಮೂಲನಿವಾಸಿಗಳ ಪೂರ್ವಜರ ಬಗ್ಗೆ ಗ್ರಂಥದ ಪೀಠಿಕೆಯಲ್ಲಿದ್ದ ಒಂದು ಮಾತನ್ನು ನಮ್ಮವರೇ ತಗ್ಗಿಸಿ ಬರೆದರು, ಅದೂ ನಿಜ. ಇದನ್ನು ಮುಚ್ಚಿಟ್ಟವರು ನಮ್ಮಲ್ಲಿ ಇದ್ದಾರೆ, ಅವರ ಮೇಲೆ ನನಗೆ ನಿಮಗಿಂತ ಹೆಚ್ಚು ಸಿಟ್ಟಿದೆ. ಬಹುಪತ್ನಿತ್ವ ಎಂದಿರಿ. ಇತ್ತು. ನೂರು ವರ್ಷಕ್ಕೂ ಹಿಂದೆ ಕೈಬಿಟ್ಟರು, ಇಂದು ಮಾಡಿದವರನ್ನು ಸಂಘದಿಂದ ಹೊರಹಾಕುತ್ತಾರೆ. ಆ ಮನೆಗಳಲ್ಲಿ ನವೆದ ಹೆಂಗಸರಿಗೆ ಅದರಿಂದ ಏನೂ ವಾಪಸು ಬರಲಿಲ್ಲ ಎಂಬುದು ನನಗೂ ತಿಳಿಯುತ್ತದೆ.

ಕೊನೆಯದು, ಕಪ್ಪು ಜನರ ಮಾತು. ಸುಮಾರು ಅರ್ಧ ಶತಮಾನದ ಹಿಂದಿನವರೆಗೆ ಕಪ್ಪು ಗಂಡಸರಿಗೆ ನಮ್ಮ ಸಂಘದಲ್ಲಿ ಯಾಜಕತ್ವ, ಅಂದರೆ ಧಾರ್ಮಿಕ ವಿಧಿಗಳನ್ನು ನಡೆಸುವ ಅಧಿಕಾರ, ಕೊಡುತ್ತಿರಲಿಲ್ಲ. ನೀವು ಅದನ್ನು ಓದಿದಾಗ ಸ್ಟೂಲಿನ ಮೇಲೆ ಕೂತಿದ್ದ ನನಗೆ ಮೈ ಉರಿಯಿತು. ನಿಮ್ಮ ಮೇಲಲ್ಲ. ಮನುಷ್ಯರನ್ನು ಬಾಗಿಲಾಚೆ ನಿಲ್ಲಿಸುವವರ ವಿರುದ್ಧ ಕೂಗಿ ಗಂಟಲು ಹರಿದುಕೊಂಡವಳು ನಾನು. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ, ಹುಡುಕುವುದೂ ಇಲ್ಲ. ಅದು ತಪ್ಪು. ದೇವರ ಹೆಸರಿನಲ್ಲಿ ಮನುಷ್ಯರು ಮಾಡಿದ ತಪ್ಪು. ಇಷ್ಟೆಲ್ಲ ಒಪ್ಪಿದ ಮೇಲೂ ಏಕೆ ಅಲ್ಲಿದ್ದೀಯ ಎಂದರೆ, ನನ್ನ ಸಂಘಟನೆಯೂ ತಪ್ಪು ಮಾಡಿದೆ, ನಾನು ಬಿಟ್ಟುಹೋಗಿಲ್ಲ, ಒಳಗೇ ನಿಂತು ಬೈದಿದ್ದೇನೆ. ಪ್ರಾರ್ಥಿಸಿದಾಗ ನನಗೆ ಉತ್ತರ ಸಿಕ್ಕಿತು. ಅದನ್ನು ನಿಮಗೆ ತೋರಿಸಲಾರೆ, ಹಾಗೆಂದು ಬಿಸಾಡಲೂ ಆರೆ.

ಇನ್ನು ಆ ವಾಕ್ಯ. ನೀವು ಹಾಳೆಯನ್ನು ಅವಳತ್ತ ತಳ್ಳಿದಿರಿ. ಅವಳು ಓದಿದಳು. ಪೆನ್ನು ಕೇಳಿ ಪಡೆದು ಕೆಳಗೆ ತಾನೇ ಬೇರೊಂದು ವಾಕ್ಯ ಬರೆದಳು: ‘ಈ ಗ್ರಂಥಕ್ಕೆ ಇತಿಹಾಸಕಾರರು ಒಪ್ಪುವ ಆಧಾರವಿಲ್ಲ. ನಾನು ಇದನ್ನು ಇತಿಹಾಸವೆಂದು ಕಲಿಸಿಲ್ಲ, ಕಲಿಸುವುದಿಲ್ಲ.’ ಸಹಿ ಹಾಕಿ ಹಿಂದಕ್ಕೆ ಕೊಟ್ಟಳು. ಒಬ್ಬ ಇತಿಹಾಸ ಶಿಕ್ಷಕಿಯಿಂದ ಒಂದು ಇಲಾಖೆಗೆ ಇದಕ್ಕಿಂತ ಹೆಚ್ಚು ಏನು ಬೇಕು? ನೀವು, “ಇದು ಸಾಲದು. ಸುಳ್ಳು ಅಂತ ತಿಳಿದಿದೆ ಅಂತ ಬರೀಬೇಕು” ಎಂದಿರಿ.

“ನಿಮಗೆ ತಿಳಿದಿದೆಯಾ ಸರ್?”

“ಎಲ್ಲರಿಗೂ ತಿಳಿದಿರೋದೇ.”

“ಯಾರು ಹೇಳಿದ್ದು? ಯಾವಾಗ? ಅವರಿಗೆ ಹೇಗೆ ಗೊತ್ತು?”

“ನಂಗೇ ಪಾಠ ಮಾಡ್ತೀರೇನ್ರೀ?”

“ಇಲ್ಲ ಸರ್. ಪಾಠ ಮಾಡೋಕೆ ನೀವು ಬಿಟ್ಟಿಲ್ಲವಲ್ಲ.”

ಅವಳ ವಾಕ್ಯವನ್ನು ನಿಮ್ಮ ಕೈಯಾರೆ ಹೊಡೆದುಹಾಕಿದಿರಿ. ನಾನು ನೋಡಿದೆ. ಈ ಮಾತಿಗೆ ಆ ಮೂರು ಪ್ರಶ್ನೆ ಹಾಕಿದರೆ ಮೂರಕ್ಕೂ ನನ್ನ ಬಳಿ ಉತ್ತರವಿದೆ.

ಕಳೆದ ಭಾನುವಾರ ತಿಂಗಳ ಮೊದಲನೆಯದು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಮಂದಿರ ತುಂಬಿತ್ತು. ಅವಳನ್ನು ಇಷ್ಟು ದಿನ ಚುಚ್ಚಿದವರೂ ಅಂದು ಅವಳ ಕೈ ಹಿಡಿದು, ಇವತ್ತಾದರೂ ಹೇಳಮ್ಮ ಎಂದರು. ನಾನು ಅವಳ ಕಿವಿಯಲ್ಲಿ, “ಇವತ್ತು ಗೊತ್ತು ಅನ್ನು. ಆ ಅಧಿಕಾರಿ ಮುಖಕ್ಕೆ ಹೊಡೆದ ಹಾಗಾಗಲಿ” ಎಂದೆ. ಅವಳು ಎದ್ದಳು. ಮೈಕಿನ ಮುಂದೆ ನಿಂತಳು. ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡಳು. ಆಮೇಲೆ, “ನಾನು ನಂಬುತ್ತೇನೆ” ಎಂದು ಹೇಳಿ ಬಂದು ಕೂತಳು. ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ದಾರಿಯುದ್ದಕ್ಕೂ ನಾನು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಮನೆಯ ಬಾಗಿಲಿಗೆ ಬಂದಾಗ ಅವಳೇ ಹೇಳಿದಳು: “ನಮ್ಮೋರನ್ನ ಖುಷಿಪಡಿಸೋಕೆ ಗೊತ್ತು ಅಂದ್ರೆ, ನಾಳೆ ಆ ಸಾಹೇಬ್ರನ್ನ ಖುಷಿಪಡಿಸೋಕೆ ಸುಳ್ಳು ಅಂತ ಗೊತ್ತು ಅಂತಲೂ ಅಂದ್ಬಿಡ್ತೀನಿ ಕಣೇ. ಒಂದೇ ಬಾಯಲ್ವಾ?”

ಅಧಿಕಾರಿಗಳೇ, ತನ್ನವರ ಪ್ರೀತಿಗೂ ಒಂದು ಪದ ಹೆಚ್ಚು ಹೇಳದವಳಿಂದ ನಿಮ್ಮ ಬೆದರಿಕೆಗೆ ಒಂದು ವಾಕ್ಯ ಬರೆಸಿಕೊಳ್ಳುತ್ತೀರಾ? ಗೊತ್ತಿರುವುದಕ್ಕೂ ನಂಬುವುದಕ್ಕೂ ನಡುವೆ ಗೆರೆ ಎಳೆದು, ಆ ಗೆರೆಯ ಮೇಲೇ ಇಷ್ಟು ವರ್ಷ ನಡೆದ ಒಬ್ಬಳೇ ಒಬ್ಬಳು ಇಡೀ ಶಾಲೆಯಲ್ಲಿ ಇದ್ದಳು. ಮಕ್ಕಳಿಗೆ ಇತಿಹಾಸ ಎಂದರೆ ಏನೆಂದು ಕಲಿಸಬೇಕಾದವಳು ಅಂಥವಳೇ. ಹುಡುಕಿ ಹುಡುಕಿ ಅವಳನ್ನೇ ಹಿಡಿದಿರಿ.

ನನ್ನ ಬೇಡಿಕೆ ಹೀಗಿದೆ. ಸೋಮವಾರ ನೀವು ಕಚೇರಿಯಲ್ಲಿ ಆ ಹಾಳೆಗಾಗಿ ಕಾಯಬೇಡಿ, ಅದು ಬರುವುದಿಲ್ಲ. ನೀವೇ ಶಾಲೆಗೆ ಬನ್ನಿ. ನಕಾಶೆ ಕೋಣೆಯ ಬಾಗಿಲು ನಿಮ್ಮ ಕೈಯಿಂದಲೇ ತೆಗೆಯಿರಿ. ಅವಳನ್ನು ಅವಳ ತರಗತಿಗೆ ಕರೆದುಕೊಂಡು ಹೋಗಿ, ಕೊನೆಯ ಬೆಂಚಿನಲ್ಲಿ ಆ ಹುಡುಗಿಯ ಅಪ್ಪನ ಪಕ್ಕ ಕೂತು ಒಂದು ಪಾಠ ಪೂರ್ತಿ ಕೇಳಿ. ಅವಳು ಆಧಾರವಿಲ್ಲದ ಒಂದು ಮಾತನ್ನು ಇತಿಹಾಸವೆಂದು ಹೇಳಿದರೆ ಅಲ್ಲೇ ಎದ್ದು ಹೇಳಿ, ಆಮೇಲೆ ನಾನು ತುಟಿ ಬಿಚ್ಚುವುದಿಲ್ಲ. ಅವಳು ಹಾಗೆ ಹೇಳದಿದ್ದರೆ ಆದೇಶವನ್ನು ಅಲ್ಲೇ, ಮಕ್ಕಳ ಮುಂದೆಯೇ ಹಿಂದಕ್ಕೆ ಪಡೆಯಿರಿ. ಬಾರದಿದ್ದರೆ ಮಂಗಳವಾರದಿಂದ ನಿಮ್ಮ ಗೇಟಿನ ಮುಂದೆ ನಾವಿರುತ್ತೇವೆ. ನಮ್ಮ ಮಂದಿರದವರು, ನನ್ನ ಡಿಪೋದವರು, ದೇವರೇ ಇಲ್ಲ ಎನ್ನುವ, ನನ್ನ ಬಸ್ಸಿನ ಡ್ರೈವರ್ ಅಣ್ಣ ಕೂಡ. ಡ್ರೈವರ್ ಅಣ್ಣ ನಂಬುವುದಿಲ್ಲ, ಅಕ್ಕ ನಂಬುತ್ತಾಳೆ, ನಾನು ‘ಗೊತ್ತು’ ಎನ್ನುತ್ತೇನೆ. ಮೂವರೂ ಒಂದೇ ಬ್ಯಾನರ್ ಹಿಡಿಯುತ್ತೇವೆ.

ಬಂದರೆ ‘ಮಾನ್ಯ’ ಎಂಬ ಪದ ನಿಮ್ಮಲ್ಲೇ ಇರಲಿ.

ಇಂತಿ,
ಬಾಯಿ ತೆಗೆಯಬೇಡ ಎಂದ ಅಕ್ಕನ ಮಾತು ಮೀರಿದ,
ಇವತ್ತು ಮನೆಯಲ್ಲಿ ಬೈಸಿಕೊಳ್ಳಲಿರುವ ತಂಗಿ