ನೀಲಾಂಬಿಕಾ ಅಜ್ಜಿಯವರ ಎಡಗಿವಿ

ಕಪ್ಪತಗುಡ್ಡದ ಮೇಲೂರು,
೨೩೧೨, ಎರಡನೇ ವೈಶಾಖದ ನಲವತ್ತನೆಯ ದಿನ

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ, ನಿಮ್ಮ ವಂಶದ ಸೊಸೆ ಇಂದುಧರೆಯ ಶರಣಾರ್ಥಿಗಳು.

ನನ್ನ ಮಾತು, ಮೇಲಿನ ತಾರೀಖು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಒಂದು ವೈಶಾಖದಲ್ಲಿ ನಮ್ಮ ಬೇಸಿಗೆ ಮುಗಿಯುವುದಿಲ್ಲ.

ಕೆಳಗೆ ಬಯಲಿನಲ್ಲಿ ಕುಡಿಯಲು ಹನಿ ನೀರಿಲ್ಲ, ಇಲ್ಲಿ ಮೇಲೆ ಒಂದೇ ಬಾವಿ. ನಿಮ್ಮ ಕಾಲದಲ್ಲಿ ಈ ಸೀಮೆಯಲ್ಲಿದ್ದವರ ವಂಶಕ್ಕೆ ಮಾತ್ರ ಅದರ ನೀರು. ದಾಖಲೆಗಳೆಲ್ಲ ಸುಟ್ಟುಹೋದ ಮೇಲೆ ಇದನ್ನು ತೀರ್ಮಾನಿಸುವುದು ಕಿವಿಸಾಕ್ಷಿ: ಹಳೆಯ ಫೋಟೊದಲ್ಲಿರುವ ಪೂರ್ವಿಕರ ಕಿವಿಯ ಮಡಿಕೆಗಳನ್ನು ಹಿರಿಯರು ನಮ್ಮ ಕಿವಿಯೊಂದಿಗೆ ಹೋಲಿಸುತ್ತಾರೆ. ಮೂಗು ಮೋಸ ಮಾಡೀತು, ಕಿವಿ ಮಾಡದು ಎಂದು ಇವರ ನಂಬಿಕೆ. ಗುರುತು ಕೆಡುತ್ತದೆಂದು ಇಲ್ಲಿ ಯಾರೂ ಮಕ್ಕಳಿಗೆ ಕಿವಿ ಚುಚ್ಚಿಸುವುದಿಲ್ಲ. ಮದುವೆಯ ಹೆಣ್ಣು ಕೂಡ ಬೋಳು ಕಿವಿಯಲ್ಲೇ ಕೂರುತ್ತಾಳೆ.

ನನ್ನ ಗಂಡ ನಿಮ್ಮ ವಂಶದವನು. ಬಯಲಿನಿಂದ ನಮ್ಮನ್ನು ಗುಡ್ಡ ಹತ್ತಿಸುವಾಗ ದಾರಿಯಲ್ಲೇ ತೀರಿಕೊಂಡ. ಹೊರಗಿನವಳಾದ ನನಗೆ ಹಕ್ಕಿಲ್ಲ, ಅದು ಗೊತ್ತಿದ್ದೇ ಬಂದೆ. ಮಗಳು ಚಿಗರಿಯಾದರೂ ಇಲ್ಲಿ ಉಳಿಯಲಿ ಎಂಬುದೊಂದೇ ಆಸೆ.

ಊರ ಸಂಗ್ರಹದಲ್ಲಿ ನಿಮ್ಮ ಹೆಸರಿನ ಒಂದೇ ಫೋಟೊ ಸಿಕ್ಕಿತು. ಯಾರದೋ ಮದುವೆಯಲ್ಲಿ ಪಕ್ಕಕ್ಕೆ ತಿರುಗಿ ನಗುತ್ತಿದ್ದೀರಿ, ಎಡಗಿವಿ ಇತ್ತಲೇ ಇದೆ. ನನಗೆ ಹೋದ ಜೀವ ಬಂದ ಹಾಗಾಯಿತು. ದೊಡ್ಡದು ಮಾಡಿದರೆ ಕಿವಿಯ ಜಾಗದಲ್ಲಿ ಬರೀ ಚೌಕಗಳು. ಹಿರಿಯಳಾದ ಗುರಸಿದ್ದವ್ವ ಬಹಳ ಹೊತ್ತು ನೋಡಿ, "ಇದು ಕಿವಿ ಅಲ್ಲ ಬೇ ತಂಗಿ, ಚೌಕಾಬಾರದ ಮನಿ ಆಗೇತಿ" ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಆದರೂ ಆಗದೆಂದು ತಲೆಯಾಡಿಸಿಬಿಟ್ಟಳು.

ಹಳೆಯ ಫೋಟೊಗಳ ಫೈಲು ಬಿಚ್ಚಿ ಓದಬಲ್ಲವರು ಕಾರಣ ಹೇಳಿದರು. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ನೀವು ಗುಣಮಟ್ಟವನ್ನು ನೂರರಿಂದ ಹತ್ತಕ್ಕೆ ಇಳಿಸಿ, ಬೇರೆ ಹೆಸರಲ್ಲಿ ಇಡದೆ, ಅಸಲಿನ ಮೇಲೆಯೇ ಸೇವ್ ಮಾಡಿದ್ದೀರಂತೆ. ಯಾರಿಗೋ ಬೇಗ ಕಳಿಸಬೇಕಿತ್ತೇನೋ. ಸಿಟ್ಟು ಬರುತ್ತದೆ ಅಜ್ಜಿ, ಸುಳ್ಳು ಯಾಕೆ ಹೇಳಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹತ್ತಕ್ಕೆ ಇಳಿಸಿದ ಚಿತ್ರವನ್ನು ಮತ್ತೆ ನೂರಕ್ಕೆ ಏರಿಸಿದರೂ ಕಳೆದ ಕಿವಿ ಬರುವುದಿಲ್ಲ.

ಈ ಕಾಗದ ಹೇಗೋ ನಿಮಗೆ ಮುಟ್ಟಿದರೆ, ಕೈಮುಗಿದು ಕೇಳುತ್ತೇನೆ, ಅಸಲನ್ನು ಉಳಿಸಿ. ಫೋಟೊ ನಿಧಾನಕ್ಕೆ ಹೋಗಲಿ, ಬೈದುಕೊಂಡು ಕಾಯಿರಿ.

ಬೆಳಗಾದರೆ ನಾವಿಬ್ಬರೂ ಬಯಲಿಗೆ ಇಳಿಯಬೇಕು. ಚಿಗರಿ ಖುಷಿಯಿಂದ ಬಟ್ಟೆ ಗಂಟು ಕಟ್ಟುತ್ತಿದ್ದಾಳೆ, ಅಮ್ಮನೂ ಜೊತೆಗೆ ಬರುತ್ತಾಳೆಂದು.