ಮಾಗಡಿ ರಸ್ತೆಯಲ್ಲಿ ಕುಡಿಯದ ನೀರು

ಚಾಮರಾಜಪೇಟೆ
೯ ಏಪ್ರಿಲ್ ೨೦೨೬, ಗುರುವಾರ

ಅಕ್ಷಯಾ,

ನೀನು ನೀರಿನ ವಿಷಯದಲ್ಲಿ ನನಗೆ ಸುಳ್ಳು ಹೇಳಿದೆ. ಮಾರ್ಚ್ ಇಪ್ಪತ್ತೊಂಬತ್ತರ ಭಾನುವಾರ, ಮಾಗಡಿ ರಸ್ತೆಯಲ್ಲಿ, ಒಂದಲ್ಲ, ಐದು ಸಲ.

ಇದನ್ನು ಮೊದಲೇ ಬರೆದುಬಿಟ್ಟೆ. ಕ್ಷೇಮಸಮಾಚಾರದ ಕೆಳಗೆ ಮುಚ್ಚಿಟ್ಟರೆ ಕ್ರೇಟಿನ ತಳದ ಟೊಮೆಟೊ ಹಾಗೆ ಅಲ್ಲೇ ಕೊಳೆಯುತ್ತದೆ. ಇನ್ನು ಕ್ಷೇಮ. ನಾನು ಚೆನ್ನಾಗಿದ್ದೇನೆ. ಅಪ್ಪನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಕರಗ ಮುಗಿದ ಮೇಲೆ ತಮ್ಮ ವೇಣು ಎರಡು ದಿನ ಮಲಗಿಯೇ ಇದ್ದ, ಈಗ ಎದ್ದು ಮತ್ತೆ ತರಕಾರಿ ಅಂಗಡಿಗೆ ಹೋಗುತ್ತಿದ್ದಾನೆ. ಮೈಸೂರಿನಲ್ಲಿ ಪಿಯುಸಿ ಉತ್ತರಪತ್ರಿಕೆ ತಿದ್ದಿ ತಿದ್ದಿ ನಿನ್ನ ಕಣ್ಣು ಕೆಂಪಾಗಿರಬೇಕು. ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊ ಬೇಕಾದರೆ: ಭೌತಶಾಸ್ತ್ರ ಪಾಠ ಮಾಡುವವಳು ಅಳತೆ ತಪ್ಪು ಹೇಳಬಾರದು.

ಬರೆಯಲು ಐದು ದಿನ ತಡವಾಯಿತು. ಶನಿವಾರ ಸಂಜೆ ನಾನು ಫೋನಿನಲ್ಲಿ ಕೂಗಿದೆ, ನೀನು "ಹಾಗಾದ್ರೆ ನೀನೊಬ್ಳೇ ಹೋಗು" ಅಂತ ಇಟ್ಟುಬಿಟ್ಟೆ. ಆಮೇಲೆ ನಾನು ಕಳಿಸಿದ್ದಕ್ಕೆಲ್ಲ ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು. ಇದನ್ನು ಹರಿಯುವುದಿಲ್ಲ, ಏಕೆಂದರೆ ಹದಿನೈದನೇ ತಾರೀಖಿನೊಳಗೆ ನಿನ್ನ ರಜೆಯ ಅರ್ಜಿ ಕಾಲೇಜಿಗೆ ಸೇರಬೇಕು. ಅದು ಸೇರದಿದ್ದರೆ ನಮ್ಮ ಪ್ರಯಾಣ ಇಲ್ಲ. ನಾನೊಬ್ಬಳೇ ಹೋಗುವುದು ಪ್ರಯಾಣವಲ್ಲ, ಹಠ.

ನಾವು ಯಾಕೆ ಹೊರಟೆವು ಎಂಬುದನ್ನು ನೀನು ಮರೆತಿರಲಾರೆ, ಆದರೂ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಅಪ್ಪ ತರಕಾರಿ ಸಾಗಿಸಲು ಬ್ಯಾಟರಿ ಆಟೋ ತಂದರು. ಅದೇ ವಾರ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನನಗೊಂದು ಹದಿನಾರು ಪುಟದ ಕಿರುಹೊತ್ತಿಗೆ ಸಿಕ್ಕಿತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮೇಲೆ ಉಪ್ಪಿನ ಬಯಲುಗಳಿವೆ, ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಅಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸುತ್ತಾರೆ, ಕುರಿಯಂಥ ಲಾಮಾಗಳನ್ನು ಸಾಕುವವರು ತಮ್ಮ ಒರತೆ ಬತ್ತುತ್ತಿದೆ ಎನ್ನುತ್ತಾರೆ ಎಂದು ಅದರಲ್ಲಿತ್ತು. ನಾನು ಅದನ್ನು ಆಟೋ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಓದಿದೆ. ಅಪ್ಪ ಹೇಳಿದರು, "ಬ್ಯಾಟರಿ ಎಲ್ಲಿಂದ ಬಂತು ಅಂತ ಕೇಳ್ತಾ ಕೂತ್ರೆ ನನ್ ಸೊಪ್ಪು ಬಾಡೋಗುತ್ತೆ ಕಣಮ್ಮ." ನಾನು, "ಕೇಳೋರೇ ಇಲ್ದಿದ್ರೆ ಅಲ್ಲಿ ಊರೇ ಬಾಡೋಗುತ್ತೆ ಅಪ್ಪ" ಅಂದೆ. ಆಗ ನೀನು ಮೂಟೆಯ ಮೇಲೆ ಕೂತು ಕ್ಯಾರೆಟ್ ಕಡಿಯುತ್ತಿದ್ದೆ. "ಹೋಗಿ ನೋಡ್ಕೊಂಡೇ ಬರೋಣ್ವಾ? ಸೈಕಲ್‌ನಲ್ಲಿ. ಬ್ಯಾಟರಿ ಇಲ್ದಿರೋ ಗಾಡಿ ಅದೊಂದೇ" ಅಂದದ್ದು ನೀನು. ನಾನಲ್ಲ.

ಅಂದಿನಿಂದ ನಾವಿಬ್ಬರೂ ಏನೇನು ಕಲಿತೆವು ನೋಡು. ಬೊಲಿವಿಯದ ಉಯುನಿಯಿಂದ ದಕ್ಷಿಣಕ್ಕೆ ಲಿಪೆಸ್ ಎಂಬ ಬರಡು ನಾಡು. ಅಲ್ಲಿಂದ ಚಿಲಿಯ ಸ್ಯಾನ್ ಪೆದ್ರೊಗೆ ಇಳಿದು, ಮತ್ತೆ ಸಿಕೋ ಘಟ್ಟ ಹತ್ತಿ ಅರ್ಜೆಂಟೀನಾ. ನಲವತ್ತೆರಡು ದಿನ. ಹೆಚ್ಚಿನ ದಾರಿ ನಾಲ್ಕು ಸಾವಿರ ಮೀಟರಿಗಿಂತ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದರ ತುದಿಯಲ್ಲಿ ಸೈಕಲ್ ಹೊಡೆದಂತೆ. ತಗಡಿನ ಶೀಟಿನ ಹಾಗೆ ಏರಿಳಿಯುವ ಮರಳು ರಸ್ತೆ, ಟಯರು ಅಗಲ ಇಲ್ಲದಿದ್ದರೆ ಇಳಿದು ತಳ್ಳಬೇಕು. ಮಧ್ಯಾಹ್ನ ಒಂದಾದರೆ ಪಡುವಣ ಗಾಳಿ ಎದ್ದು ಸೈಕಲನ್ನೇ ಮಲಗಿಸುತ್ತದೆ, ಹಾಗಾಗಿ ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಡೇರೆ ಹಾಕಬೇಕು. ಕೆರೆಗಳಿವೆ, ಕೆಂಪು, ಹಸಿರು, ಬಿಳಿ, ನೋಡಲು ಚೆಂದ. ಒಂದರ ನೀರೂ ಕುಡಿಯುವಂತಿಲ್ಲ. ಇದೆಲ್ಲ ನಮಗೆ ಗೊತ್ತು. ಗಾಳಿಗೆ ನಾನು ಹೆದರುವುದಿಲ್ಲ, ಚಳಿಗೂ ಇಲ್ಲ. ಚಾಮರಾಜಪೇಟೆ ಐದನೇ ಅಡ್ಡರಸ್ತೆಯ ಟ್ರಾಫಿಕ್ಕಿನಲ್ಲಿ ಎಂಟನೇ ಕ್ಲಾಸಿನಿಂದ ಸೈಕಲ್ ಹೊಡೆದವರು ನಾವು. ನಾನು ಹೆದರುವುದು ಒಂದಕ್ಕೆ ಮಾತ್ರ. ಲಿಪೆಸ್‌ನಲ್ಲಿ ಮೂರು ದಿನ ಎಲ್ಲೂ ಕುಡಿಯುವ ನೀರು ಸಿಗದ ಒಂದು ಭಾಗವಿದೆ. ಅಷ್ಟನ್ನೂ ಹೊತ್ತೇ ಹೋಗಬೇಕು.

ಅದಕ್ಕೇ ಆ ಭಾನುವಾರದ ಪರೀಕ್ಷೆ. ಮಾಗಡಿಗೆ ಹೋಗಿ, ಸಾವನದುರ್ಗದ ಹಿಂದಿನ ಮಣ್ಣುದಾರಿ ಸುತ್ತಿ ವಾಪಸ್ಸು, ತೊಂಬತ್ತೆಂಟು ಕಿಲೋಮೀಟರ್. ಒಬ್ಬೊಬ್ಬಳಿಗೆ ನಾಲ್ಕು ಲೀಟರ್. ಇಪ್ಪತ್ತು ಕಿಲೋಮೀಟರಿಗೊಮ್ಮೆ ಮುಂದಿನಿಂದ ನಾನು "ಎಷ್ಟು?" ಅಂತ ಕೂಗುವುದು, ಹಿಂದಿನಿಂದ ನೀನು ಉಳಿದದ್ದನ್ನು ಕೂಗುವುದು. ನಿಯಮ ಮಾಡಿದ್ದು ನೀನೇ. ಕೊನೆಯಲ್ಲಿ ನಾನು ಮೂರೂವರೆ ಲೀಟರ್ ಕುಡಿದಿದ್ದೆ. ನೀನು ಒಂದೂ ಮುಕ್ಕಾಲು ಕುಡಿದೆನೆಂದೆ. ನಾನು ನಿನ್ನನ್ನು ಒಂಟೆ ಅಂತ ಹೊಗಳಿ, ಇಬ್ಬರಿಗೂ ಮೂರು ದಿನಕ್ಕೆ ಹದಿನಾರು ಲೀಟರ್, ಅಡುಗೆಗೆ ನಾಲ್ಕು, ಒಟ್ಟು ಇಪ್ಪತ್ತು ಎಂದು ಬರೆದು ಗೋಡೆಗೆ ಅಂಟಿಸಿದೆ.

ಹೋದ ಶನಿವಾರ ಸೈಕಲ್ಲಿನ ಚೀಲ ತರಲು ಬಸವನಗುಡಿಯ ನಿಮ್ಮ ಮನೆಗೆ ಹೋದೆ. ನಿಮ್ಮಜ್ಜಿ ಸುಂದರಮ್ಮನವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಾರೇ ಪ್ರೇಮಾ. ನಿಂತ್ಕೊಂಡೇ ಮಾತಾಡ್ಬೇಡ, ವಾರಂಟ್ ತಂದೋರ ಹಾಗೆ" ಅಂದರು. ಕೂತೆ. "ನೀವು ಹೋಗೋ ದೇಶದಲ್ಲಿ ತುಳಸಿ ಬೆಳೆಯುತ್ತೇನೇ?"

"ಹುಲ್ಲು ಬೆಳೆಯೋದೇ ಕಷ್ಟ ಅಜ್ಜಿ."

"ಹಾಗಾದ್ರೆ ದ್ವಾದಶಿ ದಿನ ಏನ್ ಮಾಡ್ತಾಳೆ ಪಾಪ? ಪಾರಣೆಗೆ ಒಂದು ದಳ ತುಳಸಿ ಬೇಡ್ವೇ?"

"ಯಾವ ಪಾರಣೆ? ಯಾರಿಗೆ?" ಅಂದೆ.

ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡರು. ಆಮೇಲೆ, ಹೇಗೂ ಬಾಯಿ ಬಿಟ್ಟಾಯಿತು ಎಂದು ಎಲ್ಲ ಹೇಳಿದರು. ಸಕ್ಕರೆ ಕಾಯಿಲೆ ಏರಿ ಜನವರಿಯಲ್ಲಿ ಅವರು ತಲೆ ತಿರುಗಿ ಬಿದ್ದದ್ದು. ಇನ್ನು ಏಕಾದಶಿ ಉಪವಾಸ ಕೂಡದು ಎಂದು ಡಾಕ್ಟರು ಬೈದದ್ದು. ಅರವತ್ತೆರಡು ವರ್ಷ ತಪ್ಪಿಸದ ವ್ರತ ಬಿಡಲಾರೆ ಎಂದು ಅವರು ಮಾತ್ರೆಯನ್ನೇ ಬಿಟ್ಟದ್ದು. ಆಗ ನೀನು ದೇವರ ಮನೆಯ ಮುಂದೆ ನಿಂತು, "ಅಜ್ಜಿ, ನಿನ್ನ ಬದ್ಲು ನಾನು ಮಾಡ್ತೀನಿ. ನೀನು ಊಟ ಮಾಡು" ಅಂದದ್ದು. ಮಾರ್ಚ್ ಇಪ್ಪತ್ತೊಂಬತ್ತು ಏಕಾದಶಿಯಾಗಿತ್ತು ಎಂದು ನಾನು ಅಲ್ಲಿ, ಆ ಬಾಗಿಲಲ್ಲಿ ತಿಳಿದೆ.

"ನೀರೂ ಕುಡಿಬೇಡ ಅಂತ ನಾನು ಹೇಳ್ಲಿಲ್ಲಮ್ಮ" ಅಂತ ಅಜ್ಜಿ ಕಣ್ಣೊರೆಸಿಕೊಂಡರು. "ನನಗೇ ಈಚೆಗೆ ಆಗ್ತಿರ್ಲಿಲ್ಲ, ಹಾಲು ಕುಡೀತಿದ್ದೆ. ಅವಳು, ಮಾಡಿದ್ರೆ ಪೂರ್ತಿ ಮಾಡ್ತೀನಿ ಅಂತ ಹಠ."

ಆ ಹಠ ಎಲ್ಲಿಂದ ಬಂತೆಂದು ನನಗೆ ಗೊತ್ತು. ಹನ್ನೆರಡು ವರ್ಷ ನನ್ನ ಜೊತೆ ಓಡಾಡಿದ್ದೀಯಲ್ಲ.

ಮನೆಗೆ ಬಂದು ಗೋಡೆಯ ಕಾಗದದ ಮುಂದೆ ನಿಂತೆ. ನೀನು ಒಂದು ಗುಟುಕೂ ಕುಡಿದಿರಲಿಲ್ಲ. ಬಾಟಲಿ ಎತ್ತಿ ಮುಖಕ್ಕೆ ಸುರಿದುಕೊಂಡಿರಬೇಕು, ಜಾಲಿ ಗಿಡದ ಬುಡಕ್ಕೆ ಚೆಲ್ಲಿರಬೇಕು, ಮುಂದೆ ಹೋಗುತ್ತಿದ್ದ ನನಗೆ ಸಂಖ್ಯೆ ಮಾತ್ರ ಕೂಗಿದೆ. ಮಾಗಡಿಯಲ್ಲಿ ನಾನು ಮೂರು ತಟ್ಟೆ ಇಡ್ಲಿ ತಿನ್ನುವಾಗ ನೀನು "ಹೊಟ್ಟೆ ಸರಿ ಇಲ್ಲ" ಅಂದೆ. ನಿನಗೂ ನನ್ನಷ್ಟೇ ನೀರು ಬೇಕೆಂದು ಹಿಡಿದರೆ ಮೂರು ದಿನಕ್ಕೆ ಇಪ್ಪತ್ತೊಂದು, ಅಡುಗೆಯ ನಾಲ್ಕು ಸೇರಿ ಇಪ್ಪತ್ತೈದು ಲೀಟರ್. ನನ್ನ ಕಾಗದದಲ್ಲಿ ಐದು ಕಡಿಮೆ. ಐದು ಲೀಟರ್ ಎಂದರೆ ನಮ್ಮಲ್ಲೊಬ್ಬಳಿಗೆ ಒಂದೂವರೆ ದಿನದ ನೀರು. ಮಾಗಡಿ ರಸ್ತೆಯಲ್ಲಾದರೆ ಪ್ರತಿ ತಿರುವಿಗೂ ಎಳನೀರಿನವನು ನಿಂತಿರುತ್ತಾನೆ. ಅಲ್ಲಿ ಯಾರು ನಿಂತಿರುತ್ತಾರೆ? ಅದಕ್ಕೇ ಫೋನಿನಲ್ಲಿ ಕೂಗಿದೆ. ಕೂಗಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಕೂಗಿದ ವಿಷಯಕ್ಕೆ ಕೇಳುವುದಿಲ್ಲ.

ಈಗ ನಗುವ ಸುದ್ದಿ. ಸೋಮವಾರ ನಾನು, ವ್ರತ-ಉಪವಾಸಗಳ ವಿರುದ್ಧ ಕರಪತ್ರ ಬರೆದು ಹಂಚುವ ಪ್ರೇಮಲತಾ, ಗಾಂಧಿ ಬಜಾರಿನಲ್ಲಿ ಪಂಚಾಂಗ ಕೊಂಡೆ. ಅಂಗಡಿಯವರು "ಮದುವೆಗಾ ಮೇಡಂ?" ಅಂದರು. "ಇಲ್ಲ, ಮರುಭೂಮಿಗೆ" ಅಂದೆ. ಅವರು ಚಿಲ್ಲರೆಯನ್ನು ಸ್ವಲ್ಪ ದೂರದಿಂದಲೇ ಕೊಟ್ಟರು. ವೇಣು ಅದನ್ನು ನನ್ನ ಮೇಜಿನ ಮೇಲೆ ನೋಡಿ, "ಅಪ್ಪಾ, ಬನ್ನಿ ಇಲ್ಲಿ! ನಮ್ಮಕ್ಕ ಮಠಕ್ಕೆ ಸೇರ್ಕೊಂಡ್ಳು!" ಅಂತ ಬೀದಿಗೆಲ್ಲ ಸಾರಿದ.

ನಮ್ಮ ನಲವತ್ತೆರಡು ದಿನಗಳಲ್ಲಿ ಮೂರು ಏಕಾದಶಿ ಬೀಳುತ್ತವೆ. ಮೊದಲನೆಯದು ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ಉಯುನಿಯಲ್ಲೇ ಉಳಿಯುವ ದಿನ, ತೊಂದರೆ ಇಲ್ಲ. ಎರಡನೆಯದು ಆ ನೀರಿಲ್ಲದ ಮೂರು ದಿನಗಳ ನಟ್ಟನಡುವೆ ಕೂತಿತ್ತು. ನೀನು ಅಲ್ಲೂ ಹೇಳುತ್ತಿರಲಿಲ್ಲ. ಈಗ ಇಡೀ ವೇಳಾಪಟ್ಟಿಯನ್ನು ಎರಡು ದಿನ ಹಿಂದೆ ತಳ್ಳಿದ್ದೇನೆ. ಆ ದಿನ ನಾವು ಸಿಹಿನೀರಿನ ತೊರೆಯೊಂದರ ಪಕ್ಕ ಡೇರೆ ಹಾಕಿ, ಪೆಡಲು ಮುಟ್ಟದೆ ಕೂತಿರುತ್ತೇವೆ. ಮೂರನೆಯದು ಸ್ಯಾನ್ ಪೆದ್ರೊ ಊರಿನಲ್ಲಿ. ಅಲ್ಲಿ ಬೆಳಗಾದಾಗ ಇಲ್ಲಿ ಮಧ್ಯಾಹ್ನ ದಾಟಿರುತ್ತದೆ, ಹಾಗಾಗಿ ಏಕಾದಶಿ ಯಾವ ದಿನವೆಂಬುದೇ ದೊಡ್ಡ ಜಗಳ. ಅದನ್ನು ನಿಮ್ಮಜ್ಜಿಗೆ ಒಪ್ಪಿಸಿದ್ದೇನೆ. ಅವರು ಮೂರು ದಿನದಿಂದ ಭೂಪಟ ಹಿಡಿದು ಕೂತಿದ್ದಾರೆ, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ.

ನನ್ನ ಅಭಿಪ್ರಾಯ ಬದಲಾಗಿದೆ ಎಂದುಕೊಳ್ಳಬೇಡ. ಉಪವಾಸದಿಂದ ಯಾರಿಗೂ ಯಾವ ಲೋಕವೂ ಸಿಗುವುದಿಲ್ಲ ಎಂದೇ ನಾನು ಈಗಲೂ ನಂಬಿದ್ದೇನೆ, ಮುಂದಿನ ಕರಪತ್ರದಲ್ಲೂ ಬರೆಯುತ್ತೇನೆ. ನಾಲ್ಕು ಸಾವಿರ ಮೀಟರಿನಲ್ಲಿ ನೀರು ಬಿಡುವುದಕ್ಕೆ ಒಪ್ಪುವುದೂ ಇಲ್ಲ. ಅಲ್ಲಿ ಏಕಾದಶಿಯ ದಿನ ನೀನು ನೀರು ಕುಡಿಯುತ್ತೀಯ, ಅನ್ನ ಬಿಡು ಬೇಕಾದರೆ. ಇದು ನನ್ನ ಷರತ್ತಲ್ಲ, ಅಜ್ಜಿಯದು. "ನಾನು ಅಪ್ಪಣೆ ಕೊಟ್ಟಿದೀನಿ ಅಂತ ಬರಿ. ನನ್ನ ವ್ರತ, ನನ್ನ ಅಪ್ಪಣೆ" ಅಂದರು. ನಾನು ಓದಿದ ಯಾವ ಹೊತ್ತಿಗೆಯಲ್ಲೂ ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ಯಾರೂ ಬರೆದಿಲ್ಲ.

ಹನ್ನೆರಡನೇ ತಾರೀಖು ನೀನು ಊರಿಗೆ ಬರುತ್ತೀಯೆಂದು ತಿಳಿಯಿತು. ಅರ್ಜಿಯನ್ನು ಟೈಪ್ ಮಾಡಿ ಇಟ್ಟಿದ್ದೇನೆ, ಸಹಿ ಒಂದೇ ಬಾಕಿ. ಉಳಿದ ಪೇಪರುಗಳ ಮಕ್ಕಳಿಗೆಲ್ಲ ನಿನ್ನ ಕೈಯಿಂದ ಒಳ್ಳೆಯ ಅಂಕ ಬೀಳಲಿ. ನಿನ್ನ ಮೊಣಕೈ ಗಾಯ ಬೇಗ ಮಾಯಲಿ. ಎಲ್ಲಿದ್ದರೂ ನಿನ್ನ ಬಾಟಲಿ ತುಂಬಿರಲಿ.

ನಿನ್ನ
ಪ್ರೇಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಂದು ವಾಪಸ್ಸು ಬರುವಾಗ ಸುಂಕದಕಟ್ಟೆಯಲ್ಲಿ ನೀನು ಕಣ್ಣು ಕತ್ತಲೆ ಬಂದು ಬಿದ್ದೆ. ನಾನು ಸೈಕಲ್ ನಿಲ್ಲಿಸಿ ಏನೆಂದೆ ಎಂದು ನಿನಗೆ ನೆನಪಿದೆ. "ಏಳೇ ಪುಳಿಚಾರು! ಒಂದು ತಿಂಡಿ ತಪ್ಪಿದ್ರೆ ಬಿದ್ದೋಗೋ ಮೈ ಇಟ್ಕೊಂಡು ಆಂಡಿಸ್ ಹತ್ತೋಕ್ ಹೊರಟಿದೀಯಾ?" ಬ್ರಾಹ್ಮಣರನ್ನು ಹಂಗಿಸುವ ಆ ಮಾತಿಗೆ ರಸ್ತೆಯ ಜನ ನಕ್ಕರು. ನೀನೂ ಮೊಣಕೈ ಹಿಡಿದುಕೊಂಡು ನಕ್ಕೆ.

ಅಜ್ಜಿ ಹೇಳಿದ್ದರಲ್ಲಿ ಒಂದು ಮಾತನ್ನು ನಾನು ನುಂಗಿಕೊಂಡಿದ್ದೆ. ಹಿಂದಿನ ದಿನ ಅವರು ನಿನಗೆ, "ಪ್ರೇಮಾಗೆ ಹೇಳು, ಬೇರೆ ದಿನ ಇಟ್ಕೊಳ್ತಾಳೆ" ಅಂದರಂತೆ. ನೀನು, "ಬೇಡ ಅಜ್ಜಿ. ಬಾಯಾರಿಕೆ ತಡ್ಕೋತೀನಿ, ಅವಳು ನಗೋದನ್ನ ತಡ್ಕೊಳ್ಳಕ್ಕಾಗಲ್ಲ" ಅಂದೆಯಂತೆ.

ಅದೇ ವಾರ ನಮ್ಮ ವೇಣು ಕರಗದ ಕಾವಲಿಗೆ ಕತ್ತಿ ಹಿಡಿಯುವ ವೀರಕುಮಾರನಾಗಿ ವ್ರತ ಹಿಡಿದಿದ್ದ. ಅವನ ಕತ್ತಿಯನ್ನು ಒರೆಸಿ ಕೊಟ್ಟವಳು ನಾನು. ಅವನಿಗೆ ನಾನು ಕರಪತ್ರ ಕೊಡಲಿಲ್ಲ, ನಗಲೂ ಇಲ್ಲ. ನಿನಗಾದರೆ ನಗುತ್ತಿದ್ದೆ. ನಿನ್ನ ಎಣಿಕೆ ಸರಿಯಾಗಿತ್ತು ಅಕ್ಷಯಾ. ಐದು ಸುಳ್ಳು ನಿನ್ನವು, ಅವಕ್ಕೆ ಕಾರಣ ನನ್ನದು.

ಪರೀಕ್ಷೆ ಮತ್ತೆ ಮಾಡೋಣ. ಮಾಗಡಿವರೆಗೆ ಬೇಡ, ತಾವರೆಕೆರೆವರೆಗೆ ಸಾಕು. ಈ ಸಲ ಮುಂದೆ ನೀನು, ಹಿಂದೆ ನಾನು. ಏಪ್ರಿಲ್ ಹದಿನಾಲ್ಕು, ಮಂಗಳವಾರ. ಅಂದು ಯಾಕೆ ರಜೆ ಎಂದು ನಿನಗೆ ಗೊತ್ತು. ಅಂದು ದ್ವಾದಶಿ ಎಂದು ಈಗ ನನಗೂ ಗೊತ್ತು. ಪಾರಣೆ ಮುಗಿಸಿ, ಎರಡು ಲೋಟ ನೀರು ಹೆಚ್ಚಿಗೆ ಕುಡಿದು, ಬಿನ್ನಿಪೇಟೆಯಲ್ಲಿ ಮಾಗಡಿ ರಸ್ತೆಯ ಬಾಯಿಗೆ ಬಾ. ಬೆಳಗ್ಗೆ ಏಳೂವರೆಗೆ.